ಗೇಡಿಯೋನನ ನಾಯಿಗಳು ಇಳಿದವೇ?

ಗೇಡಿಯೋನನಿಗೆ ನೆಲದ ಮೇಲೆ ನಂಬಿಕೆಯಿಲ್ಲ. ಉತ್ತರದ ಹಿಮಗಡಲಿನ ದಂಡೆಯ ನಮ್ಮ ಕಂಗಾರ್ಸುಕ್ ಹಳ್ಳಿಯ ಕಲ್ಲುಬಂಡೆಯಾಗಲಿ, ಅಂಗಡಿಯ ಹಲಗೆಯಾಗಲಿ, ಇಗರ್ಜಿಗೆ ಹೊಸದಾಗಿ ಹಾಕಿಸಿದ ನೆಲವಾಗಲಿ, ಅವನು ಕಾಲಿಡುವಾಗ ಮೊದಲು ಹಿಮ್ಮಡಿಯನ್ನು ಊರಿ, ಒಂದು ಕ್ಷಣ ತಡೆದು, ಅಡಿಯಿಂದ ಏನೋ ಉತ್ತರ ಬಂತೆಂದು ಖಾತ್ರಿಯಾದ ಮೇಲೆಯೇ ಮೈಭಾರವನ್ನು ಮುಂದಕ್ಕೆ ಸಾಗಿಸುತ್ತಾನೆ. ಅವನ ಹೆಂಡತಿಯ ತಮ್ಮ ಕಾಲೇರಾಕನ ಮೊಮ್ಮಗುವಿಗೆ ದೀಕ್ಷಾಸ್ನಾನವಾದ ದಿನ, ಮಗುವನ್ನೆತ್ತಿಕೊಂಡು ಬಾಗಿಲಿಂದ ಪಾದ್ರಿಯವರೆಗಿನ ಇಪ್ಪತ್ತು ಹೆಜ್ಜೆ ಕ್ರಮಿಸಲು ಅವನು ತೆಗೆದುಕೊಂಡ ಹೊತ್ತಿನಲ್ಲಿ ನಾವು ಒಂದೇ ಕೀರ್ತನೆಯನ್ನು ಎರಡು ಸಲ ಹಾಡಿ ಮುಗಿಸಿ ಮೂರನೆಯದಕ್ಕೆ ಗಂಟಲು ಸರಿಮಾಡಿಕೊಂಡಿದ್ದೆವು. ಅದೇ ಮನುಷ್ಯ ಹೆಪ್ಪುಗಟ್ಟಿದ ಕಡಲಿಗೆ ಇಳಿದರೆ ಸಾಕು, ಪಾದಗಳನ್ನು ಎತ್ತದೆ ಜಾರಿಸುತ್ತ, ಮೊಣಕಾಲು ಸಡಿಲ ಬಿಟ್ಟು, ಮನೆಯ ಪಡಸಾಲೆಯಲ್ಲಿ ಊಟವಾದ ಮೇಲೆ ಅಡ್ಡಾಡುವ ಯಜಮಾನನ ಹಾಗೆ ನಿರಾತಂಕವಾಗಿ ನಡೆದುಹೋಗುತ್ತಿದ್ದ.

"ನಮ್ಮ ಭಾವಂಗೆ ಇಗರ್ಜೀಲಿ ಮುಳುಗಿಹೋಗ್ತೀನಿ ಅಂತ ಭಯ. ಕಡಲಲ್ಲಾದ್ರೆ ಈಜು ಬರುತ್ತೆ ಅಂದ್ಕೊಂಡಿದಾನೆ," ಎಂದು ಕಾಲೇರಾಕ್ ಅಣಕಿಸುತ್ತಿದ್ದ. ನಮ್ಮೂರಿನಲ್ಲಿ ಯಾರಿಗೂ ಈಜು ಬರುವುದಿಲ್ಲ.

ನಾನು ಈ ಊರಿನ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿದವನು. ಬೇಟೆಗಾರನ ಮಗನಾಗಿ ಹುಟ್ಟಿಯೂ ಸ್ಲೆಡ್ಜು ಜಾರುಬಂಡಿಗೆ ಕಟ್ಟಿದ ನಾಯಿಗಳನ್ನು ನೆಟ್ಟಗೆ ಓಡಿಸಲು ಬಾರದೆ ಪುಸ್ತಕ ಹಿಡಿದವನು. "ನಾಯಿಗಳು ಮಾತು ಕೇಳ್ಲಿಲ್ಲ, ಅದಕ್ಕೇ ಮೇಷ್ಟ್ರಾದ" ಎಂಬ ಮಾತು ನನ್ನ ಬಗ್ಗೆ ಇಲ್ಲಿ ಗಾದೆಯಾಗಿಬಿಟ್ಟಿದೆ, ಅದನ್ನು ಹುಟ್ಟಿಸಿದವನು ಗೇಡಿಯೋನನೇ. ಆದ್ದರಿಂದ ಅವನನ್ನು ಕುರಿತು ಬರೆಯುವಾಗ ನಾನು ನಿಷ್ಪಕ್ಷಪಾತಿಯಾಗಿರುತ್ತೇನೆಂದು ಯಾರೂ ಭಾವಿಸಬೇಕಾಗಿಲ್ಲ.

ಅವನ ಮೇಲಂಗಿಯದು ಒಂದು ಪುರಾಣ. ಸೀಲ್ ಚರ್ಮದ ಆ ಅಂಗಿಯ ಎಡತೋಳನ್ನು ಬಹಳ ಹಿಂದೆ ಅವನ ಮುಂದಾಳು ನಾಯಿ ಹಸಿವಿನಲ್ಲಿ ತಿಂದುಹಾಕಿತ್ತು. ಆ ನಾಯಿ ಮುದಿಯಾಗಿ ಸತ್ತ ಮೇಲೆ ಅವನ ಹೆಂಡತಿ ಮಾಲಿಯಾ ಅದರ ಚರ್ಮದಿಂದಲೇ ಇನ್ನೊಂದು ತೋಳು ಹೊಲಿದು ಕೊಟ್ಟಳು. ಹೀಗಾಗಿ ಬಲಗೈ ಬೂದು, ಎಡಗೈ ಕೆಂಚು. ಪಟ್ಟಣದಿಂದ ಮಗಳು ತುಪಾರ್ನಾಕ್ ಜಿಪ್ ಹಾಕುವ ಹೊಸ ಕೋಟು ತಂದರೆ, ಅದನ್ನು ಮೂಸಿ ನೋಡಿ ಗೋಡೆಯ ಮೊಳೆಗೆ ತಗುಲಿಹಾಕಿದ. ಅದು ಇಂದಿಗೂ ಅಲ್ಲೇ ಅತಿಥಿಯಂತೆ ನೇತಾಡುತ್ತಿದೆ.

ನಮ್ಮ ಜನ ಯಾವುದನ್ನೂ ನೇರ ಹೇಳುವುದಿಲ್ಲ, ನೇರ ಕೇಳುವುದೂ ಇಲ್ಲ. ನಾಳೆ ಗಾಳಿ ಬೀಸುತ್ತದೆಯೇ ಎಂದರೆ "ಇರಬಹುದು", ನಿನಗೆ ಮದುವೆಯಂತಲ್ಲ ಎಂದರೆ "ಇರಬಹುದು", ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಇನ್ನೊಬ್ಬನಿಗೆ ಹೀಗೆ ಮಾಡು, ಹಾಗೆ ಮಾಡಬೇಡ ಎಂದು ಹೇಳುವುದು ಅಸಭ್ಯ. ಹೌದೆನ್ನಲು ಹುಬ್ಬೇರಿಸುತ್ತೇವೆ, ಇಲ್ಲವೆನ್ನಲು ಮೂಗು ಸುಕ್ಕಿಸುತ್ತೇವೆ, ಅಷ್ಟಕ್ಕೇ ಮಾತು ಮುಗಿಯುತ್ತದೆ. ಹೀಗಿರುವಾಗ ಪ್ರತಿ ಚಳಿಗಾಲದ ಆರಂಭದಲ್ಲಿ ಕಡಲ ಮೇಲಿನ ಮಂಜುಗಡ್ಡೆ ಮನುಷ್ಯರನ್ನು ಹೊರುವಷ್ಟು ಗಟ್ಟಿಯಾಯಿತೋ ಇಲ್ಲವೋ ಎಂಬ ಪ್ರಾಣದ ಪ್ರಶ್ನೆಯನ್ನು ಹದಿನೇಳು ಮನೆಗಳ ಊರು ಹೇಗೆ ಬಗೆಹರಿಸಿಕೊಳ್ಳುತ್ತಿತ್ತು? ಕಿಟಕಿಯಿಂದ. ಬೇಸಿಗೆಯೆಲ್ಲ ಮನೆಯ ಹಿಂದಿನ ಬಂಡೆಗಳಿಗೆ ಕಟ್ಟಿಹಾಕಿದ ನಾಯಿಗಳನ್ನು ಗಡ್ಡೆ ಬಲಿತ ಮೇಲೆ ಕೆಳಗಿಳಿಸಿ ಕಡಲ ಮೇಲೆಯೇ ಕಟ್ಟುವುದು ನಮ್ಮ ಪದ್ಧತಿ. ಗೇಡಿಯೋನ್ ತನ್ನ ನಾಯಿಗಳನ್ನು ಇಳಿಸುವವರೆಗೆ ಇನ್ಯಾರೂ ಇಳಿಸುತ್ತಿರಲಿಲ್ಲ. ಅವನನ್ನು ಯಾರೂ ನೇಮಿಸಿರಲಿಲ್ಲ, ಅವನೂ ಏನನ್ನೂ ಸಾರುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಕಾಫಿಗೆ ನೀರಿಟ್ಟು, ಕಿಟಕಿಯ ಹಬೆ ಒರೆಸಿ, "ಗೇಡಿಯೋನನ ನಾಯಿಗಳು ಇಳಿದವಾ?" ಎಂದು ಕೇಳಿಕೊಳ್ಳುವುದೇ ನಮ್ಮ ಹವಾಮಾನ ಇಲಾಖೆಯಾಗಿತ್ತು.

ಅವನ ಪರೀಕ್ಷೆಯ ರೀತಿ ವಿಚಿತ್ರ. ಕಬ್ಬಿಣದ ಮೊನೆಯ ಹಾರೆಕೋಲಿನಿಂದ ಗಡ್ಡೆಯನ್ನು ಕುಟ್ಟಿ ನೋಡುವುದು ಎಲ್ಲ ಬೇಟೆಗಾರರಿಗೂ ಗೊತ್ತು. ಗೇಡಿಯೋನ್ ಕುಟ್ಟಿದ ಜಾಗದಿಂದ ಒಂದು ಚೂರನ್ನು ಎತ್ತಿ ನಾಲಿಗೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಹಬ್ಬದಡುಗೆಯ ಸಾರಿಗೆ ಹದ ನೋಡುವ ಹಿರಿಯಳಂತೆ ನಿಲ್ಲುತ್ತಿದ್ದ. ಕಡಲ ನೀರು ಹೆಪ್ಪುಗಟ್ಟಿದಾಗ ಹೊಸ ಗಡ್ಡೆ ಉಪ್ಪುಪ್ಪಾಗಿರುತ್ತದೆ. ದಿನ ಕಳೆದಂತೆ ಉಪ್ಪು ಕೆಳಕ್ಕೆ ಸೋರಿಹೋಗಿ ಗಡ್ಡೆ ಸಪ್ಪೆಯಾಗುತ್ತದೆ, ಬಲಿಯುತ್ತದೆ. ಉಪ್ಪಿದ್ದರೆ ಎಳೆಯದು, ಸಪ್ಪೆಯಾದರೆ ಹಳೆಯದು. ಈ ವಿದ್ಯೆಯನ್ನು ಅವನಿಗೆ ಕಲಿಸಿದವಳು ಅವನ ಅಜ್ಜಿ. ನಾನೂ ಒಮ್ಮೆ ನೆಕ್ಕಿ ನೋಡಿದ್ದೆ. ನಾಲಿಗೆ ಅಂಟಿಕೊಂಡು ಚರ್ಮ ಕಿತ್ತುಬಂತು, ಆ ವಾರವೆಲ್ಲ ಮಕ್ಕಳಿಗೆ ಬಾಯಿಪಾಠ ಹೇಳಿಸುವುದರಲ್ಲೇ ಕಾಲ ಕಳೆದೆ.

ಕೋಪನ್‌ಹೇಗನ್ನಿನಿಂದ ಗಡ್ಡೆಯ ದಪ್ಪ ಅಳೆಯಲು ಒಬ್ಬ ವಿಜ್ಞಾನಿ ಹೆಂಗಸು ಪ್ರತಿ ವರ್ಷ ಬರುತ್ತಿದ್ದಳು. ಮೊದಲ ಸಲ ಬಂದಾಗ ಅವಳ ಪೆಟ್ಟಿಗೆಯಂಥ ಯಂತ್ರವನ್ನು ಸ್ಲೆಡ್ಜಿನ ಮೇಲೆ ಎಳೆದುಕೊಂಡು ಹೊರಟವರಲ್ಲಿ ನಾನೂ ಇದ್ದೆ, ದುಭಾಷಿಯಾಗಿ. ಯಂತ್ರ ಅಂಕಿ ತೋರಿಸುವ ಮುಂಚೆಯೇ ಗೇಡಿಯೋನ್ ತುಣುಕೊಂದನ್ನು ಚಪ್ಪರಿಸಿ, ಎರಡು ಅಂಗೈಗಳ ನಡುವೆ ಅಂತರ ಮಾಡಿ ತೋರಿಸಿದ. ಅವಳು ರಂಧ್ರ ಕೊರೆದು ಪಟ್ಟಿ ಇಳಿಸಿ ನೋಡಿದರೆ ಕಿರುಬೆರಳಿನಷ್ಟೂ ವ್ಯತ್ಯಾಸವಿಲ್ಲ. ಆಕೆ ಯಂತ್ರವನ್ನೊಮ್ಮೆ, ಅವನ ಬಾಯಿಯನ್ನೊಮ್ಮೆ ನೋಡಿದಳು. ಆ ದಿನ ಅವನಿಗಿಂತ ಹೆಚ್ಚು ಬೀಗಿದವನು ನಾನು, ಯಾಕೆಂದು ಕೇಳಿದರೆ ಹೇಳಲಾರೆ.

ನಾನು ಚಿಕ್ಕವನಾಗಿದ್ದಾಗ ಸೂರ್ಯ ಚಳಿಗಾಲಕ್ಕೆ ಮುಳುಗಿ ಮರೆಯಾಗುವ ಮೊದಲೇ ನಾಯಿಗಳು ಇಳಿಯುತ್ತಿದ್ದವು. ಆಮೇಲೆ ಸೂರ್ಯ ಹೋದ ಮೇಲೆ ಇಳಿಯತೊಡಗಿದವು. ಈಚೆಗೆ, ಎರಡೂವರೆ ತಿಂಗಳ ಕತ್ತಲೆ ಕಳೆದು ಸೂರ್ಯ ಮತ್ತೆ ಬೆಟ್ಟದ ಮೇಲೆ ಮೂಡುವ ಹೊತ್ತಿಗೂ ಕಡಲು ಕಪ್ಪಗೆ ಅಲುಗುತ್ತಿರುತ್ತದೆ. ನಾಲ್ಕು ಚಳಿಗಾಲಗಳ ಹಿಂದೆ ಹಾಗೆಯೇ ಕಾದು ಕಾದು ಜನ ರೋಸಿಹೋಗಿದ್ದಾಗ, ಒಂದು ಬೆಳಿಗ್ಗೆ ಗೇಡಿಯೋನನ ನಾಯಿಗಳು ಇಳಿದವು. ಅವನು ಕುಟ್ಟಿ ನೋಡಿದ್ದ, ಕೋಲು ಠಣ್ ಎಂದು ಹಿಂದಕ್ಕೆ ಪುಟಿದಿತ್ತು. ನೆಕ್ಕಿ ನೋಡಿದ್ದ, ಒಂದಿಷ್ಟೂ ಉಪ್ಪಿರಲಿಲ್ಲ. ಹಳೆಯ ಗಡ್ಡೆ, ಬಲಿತ ಗಡ್ಡೆ. ಮಧ್ಯಾಹ್ನದ ಮಬ್ಬುಬೆಳಕಿನಲ್ಲಿ ಎಲ್ಲರಿಗಿಂತ ಮೊದಲು ಹೊರಟವನು ಕಾಲೇರಾಕ್, ಕೊಲ್ಲಿಯ ತುದಿಯಲ್ಲಿ ಹಿಮನದಿಯ ಬುಡದಲ್ಲಿರುವ ಹಾಲಿಬಟ್ ಮೀನಿನ ಜಾಗಕ್ಕೆ, ಹನ್ನೊಂದು ನಾಯಿಗಳೊಂದಿಗೆ.

ಕೊಲ್ಲಿಯ ನಡುದ್ವೀಪ ದಾಟಿದ್ದೇ ತಡ ಗಡ್ಡೆ ಒಡೆಯಿತು. "ನಮ್ಮ ಗಡ್ಡೆ ಒಡೆಯೋ ಮುಂಚೆ ಬಾಗುತ್ತೆ ಮೇಷ್ಟ್ರೇ, ಚರ್ಮ ಬಾಗಿದ ಹಾಗೆ," ಎಂದು ಕಾಲೇರಾಕ್ ಆಮೇಲೆ ನನಗೆ ಹೇಳಿದ. "ನೀರು ಜಿನುಗಿ ಕಪ್ಪಾಗುತ್ತೆ, ಹುಷಾರಪ್ಪಾ ಅನ್ನುತ್ತೆ. ಇದು ಏನೂ ಅನ್ಲಿಲ್ಲ. ಕಿಟಕಿ ಗಾಜು ಒಡೆದಂಗೆ ಒಡೀತು." ಸ್ಲೆಡ್ಜು ಅಡ್ಡಲಾಗಿ ಸಿಕ್ಕಿಕೊಂಡದ್ದರಿಂದ ಅದರ ಹಿಡಿ ಹಿಡಿದು ಮೇಲೆ ಬಂದ, ಅವನು ಹಗ್ಗ ಕತ್ತರಿಸಿ ಬಿಡಿಸಿದ ನಾಲ್ಕು ನಾಯಿಗಳು ಉಳಿದವು, ಏಳು ಹೋದವು. ಒದ್ದೆ ಬೂಟಿನಲ್ಲಿ ಎರಡು ಗಂಟೆ ನಡೆದು ಬಂದವನ ಎಡಗಾಲಿನ ಎರಡು ಬೆರಳುಗಳನ್ನು ಪಟ್ಟಣದ ಆಸ್ಪತ್ರೆಯಲ್ಲಿ ತೆಗೆದರು.

ಗೇಡಿಯೋನನನ್ನು ಯಾರೂ ಏನೂ ಅನ್ನಲಿಲ್ಲ. ಇದು ಒಳ್ಳೆಯತನವೆಂದು ಹೊರಗಿನವರು ತಿಳಿದಾರು. ನಮ್ಮಲ್ಲಿ ಸಿಟ್ಟು ಹೊರಬರುವ ದಾರಿ ಒಂದೇ, ಗೇಲಿ. ಬೈಯಬೇಕಾದವನನ್ನು ಎಲ್ಲರೆದುರು ನಗೆಪಾಟಲು ಮಾಡುತ್ತೇವೆ, ಅವನೂ ನಗುತ್ತಾನೆ, ಅಲ್ಲಿಗೆ ತೀರಿತು. ಕಾಲೇರಾಕನಿಗೆ "ಇನ್ಮೇಲೆ ಬೂಟು ಒಂದು ಸೈಜು ಚಿಕ್ಕದು ತಗೋ" ಎಂದು ಸಣ್ಣ ಹುಡುಗಿಯರೂ ಹೇಳಿದರು. ಗೇಡಿಯೋನ್ ಅಂಗಡಿಗೆ ಬಂದರೆ ಮಾತ್ರ ಎಲ್ಲರೂ ಮರ್ಯಾದೆಯಿಂದ ದಾರಿ ಬಿಟ್ಟರು. ಅವನ ಅಂಗಿಯ ಕೆಂಚುತೋಳಿನ ಬಗ್ಗೆ ಯಾರೂ ಜೋಕು ಮಾಡಲಿಲ್ಲ. ಅಷ್ಟು ಮರ್ಯಾದೆಯನ್ನು ನಮ್ಮೂರಿನಲ್ಲಿ ಹೆಣಕ್ಕೆ ಮಾತ್ರ ಕೊಡುತ್ತೇವೆ.

"ಒಂದ್ಸಲ ಬೈದು ಬಿಡಬಾರದಾ ಮೇಷ್ಟ್ರೇ," ಎಂದು ಮಾಲಿಯಾ ನನ್ನ ಮುಂದೆ ಕಣ್ಣೀರಿಟ್ಟಳು. "ನನ್ನ ತಮ್ಮ ಮನೆಗೆ ಬರ್ತಾನೆ, ಕಾಫಿ ಕುಡೀತಾನೆ, ಹೊರಗೆ ಹವೆ ಚೆನ್ನಾಗಿದೆ ಅಂತಾನೆ. ಹುಟ್ಟಿದಾಗಿಂದ ಆ ಬಾಯಲ್ಲಿ ಒಂದು ಒಳ್ಳೇ ಮಾತು ಬಂದಿಲ್ಲ. ಈಗ ಹವೆ ಚೆನ್ನಾಗಿದೆಯಂತೆ."

ಅಳತೆಯ ಹೆಂಗಸು ಮತ್ತೆ ಬಂದಾಗ ಇದನ್ನೆಲ್ಲ ಕೇಳಿ, ಗೇಡಿಯೋನನ ಅಡುಗೆಮನೆಯಲ್ಲಿ ಕೂತು, ಒಂದು ಲೋಟದಲ್ಲಿ ಉಪ್ಪುನೀರು ಹಾಕಿ ಅದರ ಮೇಲೆ ಕಾಫಿಬಣ್ಣದ ಸಿಹಿನೀರನ್ನು ಮೆಲ್ಲಗೆ ಸುರಿದು ತೋರಿಸಿದಳು. ಸಿಹಿನೀರು ಮೇಲೆಯೇ ನಿಂತಿತು. ಕೊಲ್ಲಿಯ ತುದಿಯ ಹಿಮನದಿ ಈಗ ಹಿಂದೆಂದಿಗಿಂತ ಹೆಚ್ಚು ಕರಗುತ್ತಿದೆ, ಆ ಸಿಹಿನೀರು ಹೀಗೆಯೇ ಕಡಲ ಮೇಲೆ ಹರಡಿಕೊಂಡು ಮೊದಲು ಹೆಪ್ಪುಗಟ್ಟುತ್ತದೆ, ಅದು ಗಟ್ಟಿ, ಆದರೆ ತೆಳು, ಪೆಳಸು. ಕೆಳಗಿನಿಂದ ಬೆಚ್ಚನೆಯ ನೀರು ಬೇರೆ ಅದನ್ನು ತಿನ್ನುತ್ತದೆ ಎಂದಳು. ನಾನು ಅನುವಾದಿಸಿದೆ. ಅಂದರೆ ಅವನು ರುಚಿ ನೋಡಿದ್ದು ನಾಲ್ಕು ದಿನದ ಕೂಸನ್ನು, ಸಪ್ಪೆಯಾದದ್ದರಿಂದ ಮುದುಕನೆಂದುಕೊಂಡಿದ್ದ.

ಗೇಡಿಯೋನ್ ಆ ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡ. "ಹಾಗಾದ್ರೆ ಎಷ್ಟು ಸಪ್ಪೆ ಇದ್ರೆ ಸಿಹಿನೀರು, ಎಷ್ಟು ಸಪ್ಪೆ ಇದ್ರೆ ಹಳೇದು, ಕೇಳಿ ಮೇಷ್ಟ್ರೇ," ಎಂದ. ಕೇಳಿದೆ. ಅದು ವರ್ಷವರ್ಷಕ್ಕೆ ಬದಲಾಗುತ್ತದೆ, ಜಾಗದಿಂದ ಜಾಗಕ್ಕೂ ಬದಲಾಗುತ್ತದೆ, ಹೇಳಲಾಗದು ಎಂದಳು ಆಕೆ. "ಇಷ್ಟು ದೂರದಿಂದ ಬಂದು ಇರಬಹುದು ಅಂತಾಳಲ್ಲ. ಅದನ್ನ ನಾವೇ ಹೇಳ್ತಿದ್ವಿ," ಎಂದು ಮಾಲಿಯಾ ಗೊಣಗಿದಳು. ಗೇಡಿಯೋನ್ ಲೋಟದ ನೀರನ್ನು ಕಲಕಿ ಎರಡನ್ನೂ ಒಂದು ಮಾಡಿಬಿಟ್ಟ.

ಕಳೆದ ಚಳಿಗಾಲ ಈ ಗೊಂದಲವೆಲ್ಲ ತುಪಾರ್ನಾಕಳ ತಲೆಯ ಮೇಲೆ ಬಂದು ಕೂತಿತು. ಗೇಡಿಯೋನನ ಈ ಒಬ್ಬಳೇ ಮಗಳು ಹದಿನಾಲ್ಕು ನಾಯಿ ಕಟ್ಟುವ ಮೀನುಗಾರ್ತಿ, ಅಪ್ಪನಷ್ಟೇ ಮೊಂಡಿ. ಕಡಲು ನೀರೂ ಅಲ್ಲದೆ ನೆಲವೂ ಅಲ್ಲದೆ ಗಂಜಿಯಂತೆ ಅಲುಗುತ್ತಿತ್ತು. ದೋಣಿ ನುಗ್ಗುವುದಿಲ್ಲ, ಸ್ಲೆಡ್ಜು ನಿಲ್ಲುವುದಿಲ್ಲ. ಕೊನೆಗೆ ತೆಳ್ಳಗೆ ಕಟ್ಟಿಕೊಂಡ ಮೇಲೂ ಅದರ ಮಾತನ್ನು ನಂಬಬಹುದೇ ಎಂದು ಯಾರಿಗೂ ತಿಳಿಯದು. ಮೀನಿಲ್ಲದೆ ನಾಯಿಗಳಿಗೆ ಊಟವಿಲ್ಲ, ಕೊನೆಯ ಹಡಗು ತಂದ ಒಣ ಆಹಾರದ ಮೂಟೆಗಳು ಅಂಗಡಿಯಲ್ಲಿ ಮುಗಿದಿದ್ದವು. ಹಸಿದು ಸಾಯುವ ಮೊದಲು ಗುಂಡು ಹೊಡೆಯುವುದು ಇಲ್ಲಿಯ ದಯೆ. ಪಕ್ಕದ ಹಳ್ಳಿಯಲ್ಲಿ ಆಗಲೇ ಅರ್ಧ ನಾಯಿಗಳನ್ನು ಹಾಗೆ ಕಳಿಸಿದ್ದರು.

"ಅಪ್ಪಾ, ನನ್ನ ನಾಯಿಗಳಿಗೆ ಇನ್ನು ಎಂಟು ದಿನದ ಊಟ ಇದೆ," ಎಂದು ಅಂಗಡಿಯ ಬಾಗಿಲಲ್ಲಿ ಅವಳು ಅಪ್ಪನಿಗೆ ಹೇಳಿದ್ದನ್ನು ನಾನೇ ಕೇಳಿದೆ. ಕೇಳಿದ್ದಲ್ಲ, ಹೇಳಿದ್ದು, ಆದರೂ ಅದರಲ್ಲಿ ಪ್ರಶ್ನೆಯಿತ್ತು. ಗೇಡಿಯೋನನ ಮುಖದಲ್ಲಿ ಹುಬ್ಬೂ ಏರಿತು, ಮೂಗೂ ಸುಕ್ಕಾಯಿತು.

"ಇದೇನಪ್ಪಾ ಇದು? ಹೌದೋ, ಇಲ್ವೋ?"

"ಚಳಿ ಬರ್ತಿದೆ, ಬಾಗಿಲು ಹಾಕು," ಎಂದು ಅವನು ಸಕ್ಕರೆಯ ಪೊಟ್ಟಣ ಎತ್ತಿಕೊಂಡು ಹೊರಟುಹೋದ.

ಅಲ್ಲಿಂದ ಮುಂದಿನ ದಿನಗಳಲ್ಲಿ ಅವನು ದಡದಲ್ಲಿ ಬಗ್ಗಿ ಗಡ್ಡೆ ಕಡಿಯುವುದು, ನೆಕ್ಕುವುದು, ಉಗಿಯುವುದು, ಮತ್ತೆ ನೆಕ್ಕುವುದು ಇಡೀ ಊರಿಗೆ ಕಾಣುತ್ತಿತ್ತು. ಮನೆಗೆ ತಂದು ಮಾಲಿಯಾಳ ಬಾಯಿಗೂ ಹಾಕಿದನಂತೆ. ಅವಳು "ನನ್ನ ಹಲ್ಲು ನೋಯುತ್ತೆ, ಹೋಗತ್ಲಾಗೆ" ಎಂದಳಂತೆ. ನಾಲ್ಕನೆಯ ದಿನ ಒಂದು ಕಪ್ಪಿನಲ್ಲಿ ಚೂರುಗಳನ್ನು ಹಾಕಿಕೊಂಡು ನನ್ನ ಮನೆಗೇ ಬಂದ. ಮೂವತ್ತನಾಲ್ಕು ವರ್ಷದಲ್ಲಿ ಅವನು ಯಾವ ವಿಷಯಕ್ಕೂ ನನ್ನ ಅಭಿಪ್ರಾಯ ಕೇಳಿದವನಲ್ಲ.

"ಉಪ್ಪಿದೆಯಾ ನೋಡಿ ಮೇಷ್ಟ್ರೇ."

ನೋಡಿದೆ. "ಇದ್ದ ಹಾಗೂ ಇದೆ, ಇಲ್ಲದ ಹಾಗೂ ಇದೆ."

"ನಂಗೂ ಹಾಗೇ," ಎಂದು ಅವನು ಕುಕ್ಕರಿಸಿದ. ಆಮೇಲೆ ನನ್ನ ಕಪಾಟಿನತ್ತ ಗದ್ದ ಚಾಚಿ, "ನಿಮ್ಮ ಪುಸ್ತಕದಲ್ಲಿ ಏನಿದೆ?" ಎಂದ.

ಶಾಲೆ ಸೇರಿದ ದಿನದಿಂದ ನಾನು ಚಳಿ, ಗಾಳಿ, ಅವನ ನಾಯಿಗಳು ಇಳಿದ ದಿನ, ಎಲ್ಲವನ್ನೂ ಬರೆದಿಟ್ಟಿದ್ದೇನೆ. ಇಷ್ಟು ವರ್ಷ ಈ ಪುಸ್ತಕವನ್ನು ನೋಡಿ ನಕ್ಕವರಲ್ಲಿ ಅವನೇ ಮೊದಲಿಗ. ಈಗ ಓದಿ ಹೇಳೆಂದಾಗ ನನಗೆ ಒಳಗೊಳಗೇ ಗೆದ್ದಂತಾಗಿ, ಕನ್ನಡಕ ಏರಿಸಿಕೊಂಡು ವರ್ಷವರ್ಷವನ್ನೂ ಓದಿದೆ. ದಿನಾಂಕಗಳು ಮೆಟ್ಟಿಲಿಳಿದ ಹಾಗೆ ಒಂದೊಂದೇ ವಾರ ತಡವಾಗುತ್ತ ಬಂದಿದ್ದವು, ಆದರೆ ನಡುನಡುವೆ ಒಂದು ವರ್ಷ ಎಲ್ಲವನ್ನೂ ಸುಳ್ಳು ಮಾಡಿ ಹಳೆಯ ಕಾಲದಂತೆ ಬೇಗನೆ ಹೆಪ್ಪುಗಟ್ಟಿ ನಮ್ಮನ್ನು ಮರುಳು ಮಾಡಿತ್ತು. ಅವನು ಕೊನೆಯವರೆಗೂ ಕೇಳಿಸಿಕೊಂಡ.

"ಅದು ಸರಿ. ನಾಳೆ?"

"ನಾಳೆಯದು ಇದರಲ್ಲಿ ಬರೆದಿಲ್ಲ ಗೇಡಿಯೋನ್."

"ನನ್ನ ನಾಲಿಗೇಲೂ ಇಲ್ಲ," ಎಂದ. ಅವನ ಮುಖ ನೋಡಿ ನನ್ನ ಗೆಲುವೆಲ್ಲ ಇಳಿದುಹೋಯಿತು. ಹಸಿದ ಮನೆಗೆ ಹಳೆಯ ಔತಣದ ವರ್ಣನೆ ಓದಿ ಹೇಳಿದ ಹಾಗಾಗಿತ್ತು.

ಮರುದಿನ ಮಧ್ಯಾಹ್ನ ದಕ್ಷಿಣದ ಬೆಟ್ಟದ ಹಿಂದೆ ಕೆಂಪಡರಿದ ಹೊತ್ತಿನಲ್ಲಿ ಅವನು ನಮ್ಮೂರಿನವರಾರೂ ಮಾಡದ ಕೆಲಸವೊಂದನ್ನು ಮಾಡಿದ. ಊರ ಕೆಳತುದಿಯಿಂದ ಆರಂಭಿಸಿ ಮನೆಮನೆಗೂ ಹೋದ. ಹೋಗಿ, ಹೊಸ್ತಿಲ ಮೇಲೆ ನಿಂತು, ಮುಖಕ್ಕೆ ಮುಖ ಕೊಟ್ಟು ಹೇಳಿದ: "ಗಡ್ಡೆ ಹೇಗಿದೆ ಅಂತ ನನಗೆ ಗೊತ್ತಾಗ್ತಿಲ್ಲ. ನನ್ನ ನಾಯಿಗಳನ್ನ ನೋಡ್ಕೊಂಡು ನೀವು ಹೊರಡಬೇಡಿ."

ಜನ ಮುಖ ಮುಖ ನೋಡಿಕೊಂಡರು. ಕೇಳದೆ ಇದ್ದ ಪ್ರಶ್ನೆಗೆ ಹೀಗೆ ಬಾಯಿಬಿಟ್ಟು ಉತ್ತರ ಹೇಳುವವನನ್ನು ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಏನು ಮಾಡಬೇಕೆಂದು ತಿಳಿಯದಾಗ ಎಲ್ಲ ಮನೆಗಳಲ್ಲಿ ಮಾಡುವುದನ್ನೇ ಮಾಡಿದರು, ಒಳಗೆ ಕರೆದು ಕಾಫಿ ಕೊಟ್ಟರು. ನಮ್ಮಲ್ಲಿ ಹೀಗೆ ಮನೆಮನೆಗೆ ಹೋಗುವುದು ಹುಟ್ಟುಹಬ್ಬಕ್ಕೆ ಕರೆಯಲು ಮಾತ್ರವಾದ್ದರಿಂದ ಕೆಲವರು ಕೇಕನ್ನೂ ಇಟ್ಟರು. ಕೊಟ್ಟ ಕಾಫಿಯನ್ನು ಬೇಡವೆನ್ನುವುದು ನಮ್ಮಲ್ಲಿಲ್ಲ. ಮೂರನೆಯ ಮನೆ ನನ್ನದು. ಅಲ್ಲಿಂದ ನಾನೂ ಅವನ ಹಿಂದೆ ನಡೆದೆ, ಇವನಿಗೆ ತಲೆ ಕೆಟ್ಟಿದೆಯೋ, ಇಷ್ಟು ದಿನ ಕೆಟ್ಟದ್ದು ಈಗ ಸರಿಯಾಗಿದೆಯೋ ಎಂದು ನಿರ್ಧರಿಸಲಾಗದೆ. ಊರ ಮೇಲ್ತುದಿಯ ಕೊನೆಯ ಮನೆ ಕಾಲೇರಾಕನದು. ಅಷ್ಟರಲ್ಲಿ ಗೇಡಿಯೋನ್ ಉಳಿದೆಲ್ಲ ಮನೆಗಳ ಕಾಫಿಯನ್ನೂ ಕುಡಿದಾಗಿತ್ತು.

ಕಾಲೇರಾಕ್ ಒಲೆಯ ಪಕ್ಕ ಎಡಗಾಲನ್ನು ಪೆಟ್ಟಿಗೆಯ ಮೇಲೆ ಚಾಚಿಕೊಂಡು ಕೂತಿದ್ದ. ಭಾವನ ಮಾತನ್ನು ಪೂರ್ತಿ ಕೇಳಿದ.

"ಗೊತ್ತಿಲ್ವಾ?"

"ಇಲ್ಲ."

"ಅವತ್ತು ಗೊತ್ತಿತ್ತಾ?"

"ಗೊತ್ತು ಅಂದ್ಕೊಂಡಿದ್ದೆ. ನಿನ್ನ ನಾಯಿಗಳನ್ನ ನಾನೇ ಕೊಂದೆ ಕಾಲೇರಾಕ್."

ಕಾಲೇರಾಕ್ ತನ್ನ ಪಾದವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡ. "ಭಾವಾ, ನಿನ್ನ ಬಾಯಿಂದ ಗೊತ್ತಿಲ್ಲ ಅಂತ ಒಂದು ಮಾತು ಹೊರಡಿಸೋಕೆ ನನ್ನ ಎರಡು ಬೆರಳು ಹಿಡೀತು," ಎಂದ. "ಇನ್ನೂ ಏನಾದ್ರೂ ಹೇಳೋದಿದ್ರೆ ಈಗ್ಲೇ ಹೇಳ್ಬಿಡು. ಎಂಟೇ ಉಳಿದಿರೋದು."

ಗೇಡಿಯೋನ್ ನಕ್ಕ. ನಗುತ್ತ ನಗುತ್ತಲೇ ಬಾಗಿಲ ಪಕ್ಕ ಕುಸಿದು ಕೂತು, ತೋಳಿನಿಂದ ಮುಖ ಒರೆಸಿಕೊಂಡ. ಕಾಲೇರಾಕ್ ಬಿಡಲಿಲ್ಲ, ಮೂರು ವರ್ಷದ ಬಾಕಿ ಗೇಲಿಯನ್ನೆಲ್ಲ, ಅಂಗಿಯ ತೋಳು, ನಾಲಿಗೆ, ಇಗರ್ಜಿಯ ನಡಿಗೆ, ಒಂದೊಂದನ್ನೇ ಎತ್ತಿಕೊಂಡು ಬಡಿದ. ನನಗೆ ಅಳು ಬಂತೆಂದು ಹೇಳಿಕೊಳ್ಳಲು ಸಂಕೋಚವಿಲ್ಲ. ಆ ಮನೆಯ ಕಾಫಿಯೂ ಕುಡಿದಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಅವನನ್ನು ಹೊಗಳಿ ಸುಮ್ಮನಾಗುತ್ತಿದ್ದೆ. ಮರುದಿನ ಬೆಳಿಗ್ಗೆ ಹದಿನೇಳು ಕಿಟಕಿಗಳ ಹಬೆಯೂ ಎಂದಿನಂತೆ ಒರೆಸಲ್ಪಟ್ಟಿತು. ಎಲ್ಲರೂ ಅವನ ಮಾತನ್ನು ಒಪ್ಪಿದ್ದರು, ಮತ್ತು ಎಲ್ಲರೂ ಅವನ ನಾಯಿಗಳನ್ನೇ ನೋಡುತ್ತಿದ್ದರು. ನಾನೂ ನೋಡಿದೆ, ಅರ್ಧ ಆಯುಷ್ಯದ ಅಭ್ಯಾಸ ಒಂದು ಕಪ್ ಕಾಫಿಗೆ ಹೋಗುತ್ತದೆಯೇ? ಮಾಲಿಯಾ ಅದನ್ನು ಗಂಡನಿಗೆ ಹೇಳಿದಳು. "ನೀನು ಮನೆಮನೆಗೆ ಹೋಗಿ ಹೇಳಿ ಬಂದೆ. ನೋಡು, ಹೊರಗೆ ಒಂದು ನಾಯಿ ಮೈ ಮುರಿದ್ರೂ ಊರೆಲ್ಲ ಬೂಟು ಹಾಕ್ಕೊಳ್ಳತ್ತೆ."

ಅಂದು ಅವನು ತನ್ನ ಒಂಬತ್ತು ನಾಯಿಗಳಲ್ಲಿ ಆರನ್ನು ಮಗಳ ಬಂಡೆಗೆ ಕರೆದೊಯ್ದು ಕಟ್ಟಿದ. ತನ್ನ ಶೆಡ್ಡಿನಲ್ಲಿ ಒಣಗಿಸಿಟ್ಟಿದ್ದ ಸೀಲ್ ಮಾಂಸವನ್ನೆಲ್ಲ ಹೊತ್ತು ಅವಳ ಶೆಡ್ಡಿಗೆ ಹಾಕಿದ. ಮುದಿಯಾದ ಮೂರನ್ನು ದಿಬ್ಬದ ಆಚೆ ಕರೆದುಕೊಂಡು ಹೋದ. ಮೂರು ಸದ್ದು ಕೇಳಿಸಿತು. ನಾಯಿಯಿಲ್ಲದ ಗಂಡಸನ್ನು ನಮ್ಮಲ್ಲಿ ಗಂಡಸೆನ್ನುವುದೇ ಕಷ್ಟ. ನಾನು ಸಿಟ್ಟಿನಿಂದಲೇ ಅವನಲ್ಲಿಗೆ ಹೋಗಿ ಇದೇನು ಮಾಡಿದೆಯೆಂದು ಕೇಳಿದೆ.

"ಇದ್ರೆ ತಾನೇ ನೋಡೋದು ಮೇಷ್ಟ್ರೇ," ಎಂದ. ಕಣ್ಣು ಕೆಂಪಾಗಿತ್ತು.

ಎರಡು ದಿನ ಊರು ಖಾಲಿ ಸರಪಳಿಗಳನ್ನು ನೋಡುತ್ತ ಏನೂ ತೋಚದೆ ಕೂತಿತ್ತು. ಇದು ತ್ಯಾಗವೋ ಪಲಾಯನವೋ ಎಂದು ನಾನು ನನ್ನೊಳಗೇ ವಾದಿಸಿಕೊಂಡೆ. ಹೊರುವಷ್ಟು ದಿನ ಹೊತ್ತು ಈಗ ಊರನ್ನು ನಡುಕಡಲಲ್ಲಿ ಇಳಿಸಿಬಿಟ್ಟನೆಂದು ಒಂದು ಗಳಿಗೆ, ಇಷ್ಟು ವರ್ಷ ಅವನ ಬೆನ್ನ ಮೇಲೆ ಕೂತವರು ನಾವೇ ಅಲ್ಲವೇ ಎಂದು ಇನ್ನೊಂದು ಗಳಿಗೆ. ಮೂರನೆಯ ದಿನ ಮಧ್ಯಾಹ್ನ ತುಪಾರ್ನಾಕ್ ನಾಯಿಗಳಿಲ್ಲದೆ, ಹಾರೆಕೋಲು ಹಿಡಿದು ಒಬ್ಬಳೇ ದಡಕ್ಕಿಳಿದಳು. ಹೆಜ್ಜೆಗೊಮ್ಮೆ ಕುಟ್ಟುತ್ತ ಹತ್ತಿಪ್ಪತ್ತು ಮಾರು ಹೋಗಿ, ನಿಂತು, ತಿರುಗಿ ದಡದಲ್ಲಿದ್ದ ಅಪ್ಪನನ್ನು ನೋಡಿದಳು.

"ಅಪ್ಪಾ, ಬರ್ತೀಯಾ?"

"ನಾನು ಬಂದು ಏನು ಮಾಡ್ಲಿ? ಗೊತ್ತಿಲ್ಲ ಅಂದೆನಲ್ಲ."

"ನಂಗೂ ಗೊತ್ತಿಲ್ಲ. ಒಬ್ರು ಬಿದ್ರೆ ಇನ್ನೊಬ್ರು ಎಳೀಬಹುದು."

ಅವನು ಹಗ್ಗ ತಂದು ಇಬ್ಬರ ಸೊಂಟಕ್ಕೂ ಕಟ್ಟಿದ. ಮುಂದೆ ಮಗಳು, ಹಿಂದೆ ಅಪ್ಪ. ಗಡ್ಡೆಯ ಮೇಲೆ ಗೇಡಿಯೋನ್ ಯಾರದೋ ಹಿಂದೆ ನಡೆಯುವುದನ್ನು ಊರು ಅಂದು ಮೊದಲ ಸಲ ನೋಡಿತು. ನಡುದ್ವೀಪದ ಬಳಿ ಅವಳ ಕೋಲು ಒಂದೇ ಏಟಿಗೆ ತೂರಿಹೋಯಿತು, ಹಿಂದಿರುಗಿದರು. ಮರುದಿನ ಬಂಡೆಯ ಅಂಚಿನಿಂದ ಹೊರಟರು, ಅಲ್ಲೂ ಹಿಂದಿರುಗಿದರು. ಮೂರನೆಯ ದಿನ ಅವರ ಹಿಂದೆ ಕಾಲೇರಾಕ್ ಕುಂಟುತ್ತ ಹೊರಟ, ಇನ್ನೂ ನಾಲ್ವರು ಹೊರಟರು, ಎಲ್ಲರ ಕೈಯಲ್ಲೂ ಕೋಲು, ಒಬ್ಬೊಬ್ಬರೂ ತಮ್ಮ ತಮ್ಮ ಹೆಜ್ಜೆಯನ್ನು ತಾವೇ ಕುಟ್ಟಿ ನೋಡುತ್ತ. ಐದನೆಯ ದಿನ ಪೂರ್ವದ ದಂಡೆಗೆ ಒತ್ತಿ ಸುತ್ತಿ ಬಳಸುವ ಒಂದು ದಾರಿ ಸಿಕ್ಕಿತು. ಅದು ಹತ್ತೊಂಬತ್ತು ದಿನ ನಮ್ಮ ಭಾರ ತಡೆಯಿತು. ತುಪಾರ್ನಾಕಳ ಹದಿನಾಲ್ಕು ನಾಯಿಗಳೂ, ಅಪ್ಪನ ಆರೂ, ಹಾಲಿಬಟ್ ತಿಂದು ವಸಂತ ಕಂಡವು. ಮುಂದಿನ ವರ್ಷ ಆ ದಾರಿ ಇರುತ್ತದೆಯೇ ಎಂದು ಕೇಳಿದರೆ ಗೇಡಿಯೋನನೂ ಈಗ ನಮ್ಮೆಲ್ಲರಂತೆ "ಇರಬಹುದು" ಎನ್ನುತ್ತಾನೆ.

ಊರಿಗೊಬ್ಬ ಬಲ್ಲವನಿರುತ್ತಾನೆ. ಅವನ ಬಲ್ಲತನಕ್ಕೆ ಅರ್ಧ ಆಧಾರ ಅವನ ಬುದ್ಧಿ, ಇನ್ನರ್ಧ, ನಿನ್ನೆಯಂತೆ ಇಂದೂ ನಡೆದುಕೊಳ್ಳುತ್ತೇನೆಂದು ಕಡಲೂ ಆಕಾಶವೂ ಕೊಟ್ಟ ಮಾತು. ಆ ಮಾತು ತಪ್ಪಿದಾಗ ಬಲ್ಲವರಲ್ಲಿ ಬಹುಮಂದಿ ಹಳೆಯ ದನಿಯಲ್ಲೇ ಹೇಳುತ್ತ ಹೋಗುತ್ತಾರೆ, ಕೇಳುವ ಮುಖಗಳು ಇನ್ನೂ ತಮ್ಮತ್ತಲೇ ತಿರುಗಿವೆಯೆಂಬ ಕಾರಣಕ್ಕೆ. ಎಲ್ಲೋ ಒಬ್ಬ ಮಾತ್ರ, ಜನ ತನ್ನಲ್ಲಿಟ್ಟ ನಂಬಿಕೆಯನ್ನು ಕಡ ತಂದ ಪಾತ್ರೆಯಂತೆ ತೊಳೆದು, ಮನೆಮನೆಗೆ ಹೋಗಿ ಹಿಂದಿರುಗಿಸಿ ಬರುತ್ತಾನೆ. ಅಂಥವನು ಬಾಗಿಲಿಗೆ ಬಂದಾಗ ಕೂರಿಸಿ ಕಾಫಿ ಕೊಡುವುದಲ್ಲದೆ ಇನ್ನೇನು ಮಾಡಬೇಕೆಂದು ನಮಗೆ ಇಂದಿಗೂ ತಿಳಿದಿಲ್ಲ.